ಚಾಚಿಯ ಒಂಬತ್ತು ಚುಕ್ಕಿ

ನನ್ನ ಅಂಗಡಿಗೆ ಕೆಟ್ಟ ಫೋನಿಗಿಂತ ನೆಟ್ಟಗಿರುವ ಫೋನುಗಳೇ ಹೆಚ್ಚು ಬರುತ್ತವೆ, ಬಂದ ಮೇಲೆ ಏನಾದರೊಂದು ಆಗದೆ ಹೋಗುವುದಿಲ್ಲ. ನವಲಗುಂದದ ಬಸ್ ನಿಲ್ದಾಣದ ಎದುರು ಸಾಲಿನಲ್ಲಿ ನನ್ನದೊಂದು ಸಣ್ಣ ಅಂಗಡಿ. ಮೊದಲು ಗಡಿಯಾರ ರಿಪೇರಿ ಮಾಡುತ್ತಿದ್ದೆ. ಗಡಿಯಾರ ತಂದವರು "ನಿಂತೈತ್ರಿ" ಅನ್ನುತ್ತಿದ್ದರು, ಮಾತು ಅಲ್ಲಿಗೆ ಮುಗಿಯುತ್ತಿತ್ತು. ಈಗ ಫೋನು ತಂದವರು "ಏನೂ ಆಗಿಲ್ಲ್ರಿ, ಸ್ವಲ್ಪ ಸೆಟ್ಟಿಂಗ್ ಮಾಡಿಕೊಡ್ರಿ" ಅನ್ನುತ್ತಾರೆ. ಯಾವ ಸೆಟ್ಟಿಂಗ್ ಎಂದು ಕೇಳಿದರೆ, "ಎಲ್ಲಾ" ಅನ್ನುತ್ತಾರೆ.

ಎಲ್ಲಾ ಮಾಡಿಕೊಡುತ್ತೇನೆ. ಅಕ್ಷರ ದೊಡ್ಡದು ಮಾಡುತ್ತೇನೆ, ಬೆಳಕು ಕಡಿಮೆ ಮಾಡುತ್ತೇನೆ, ಹೆಂಡತಿಗೊಂದು ರಿಂಗು ಸಾಹೇಬರಿಗೊಂದು ರಿಂಗು ಇಡುತ್ತೇನೆ. ತಾಲೂಕಿನಲ್ಲಿ ನನ್ನನ್ನು ಬಿಟ್ಟರೆ ಸೆಟ್ಟಿಂಗ್ ಬಲ್ಲವರಿಲ್ಲ ಎಂದು ಒಂದು ಕಾಲಕ್ಕೆ ನಾನೇ ನಂಬಿದ್ದೆ. ಆ ನಂಬಿಕೆ ಒಂದೇ ವಾರದಲ್ಲಿ ಹೇಗೆ ಇಳಿಯಿತು ಎಂಬುದನ್ನು ಹೇಳುತ್ತೇನೆ.

ಸೋಮವಾರ ಬಂದ ತಾಯಿ-ಮಗಳು

ನಮ್ಮ ಓಣಿಯ ಹಿಂದಿನ ಓಣಿಯಲ್ಲಿ ಜಮಖಾನ ನೇಯುವ ಒಬ್ಬ ಹಿರಿಯಾಕೆ ಇದ್ದಾರೆ. ಊರಿಗೆಲ್ಲ ಚಾಚಿ. ಎಪ್ಪತ್ತು ದಾಟಿದರೂ ಸೊಸೆಯ ಜೋಡಿ ಮಗ್ಗದ ಮುಂದೆ ಕೂತರೆ ಮಧ್ಯಾಹ್ನದವರೆಗೆ ಏಳುವವರಲ್ಲ. ಸೋಮವಾರ ಅವರು ಅಂಗಡಿಗೆ ಬಂದರು. ಜೊತೆಗೆ ಗದಗಿಗೆ ಕೊಟ್ಟ ಮಗಳು. ತವರಿಗೆ ಬಂದು ನಾಲ್ಕು ದಿನವಾಗಿತ್ತು, ರವಿವಾರ ವಾಪಸ್ ಹೋಗುವವಳು.

ಮಗಳೇ ಹೋದ ವರ್ಷ ತಾಯಿಗೆ ಒಂದು ಸ್ಮಾರ್ಟ್‌ಫೋನ್ ಕೊಡಿಸಿದ್ದಳು. ಈ ಸಲ ಬಂದಾಗ ಅದನ್ನು ತಾಯಿಗೆ ಅನುಕೂಲ ಆಗುವ ಹಾಗೆ ಮಾಡಿಟ್ಟು ಹೋಗಬೇಕೆಂದು ಅವಳ ಆಸೆ. ತೆರೆಯ ಮೇಲೆ ತನ್ನದೊಂದು ಫೋಟೋ ಇರಬೇಕು, ಒತ್ತಿದರೆ ಸೀದಾ ತನಗೆ ವಿಡಿಯೋ ಕಾಲ್ ಬರಬೇಕು. ಆದರೆ ಫೋನು ತೆಗೆಯಲು ಹೋದರೆ ಲಾಕು. ಒಂಬತ್ತು ಚುಕ್ಕಿ ಮೂಡುತ್ತವಲ್ಲ, ಬೆರಳಿನಿಂದ ಗೆರೆ ಎಳೆದು ಜೋಡಿಸುವುದು, ಆ ಲಾಕು.

"ಅಮ್ಮಿಗೆ ಕೇಳಿದ್ರ ಮರ್ತೀನಿ ಅಂತಾಳ್ರಿ ಅಣ್ಣಾ" ಅಂದಳು ಮಗಳು. ಚಾಚಿ ಸ್ಟೂಲಿನ ಮೇಲೆ ಕೂತು ಹೊರಗೆ ಹೋಗುವ ಬಸ್ಸು ನೋಡುತ್ತಿದ್ದರು.

"ಅದಕ್ಕೇನು, ಪೂರಾ ಅಳಿಸಿ ಹೊಸದು ಮಾಡಿಬಿಡ್ತೀನಿ" ಅಂದೆ.

ಬಸ್ಸು ನೋಡುತ್ತಿದ್ದ ಚಾಚಿ ತಟ್ಟನೆ ತಿರುಗಿದರು. "ಅಳಿಸಬ್ಯಾಡ ಬೇಟಾ. ಒಳಗ ನನ್ನ ಫೋಟೋ ಅದಾವು."

"ಬೆರಳಚ್ಚಿನ ಲಾಕೂ ಐತಲ್ಲ ಇದರಾಗ, ಬೆರಳು ಇಟ್ಟು ನೋಡ್ರಿ" ಅಂದೆ. ಮಗಳು ತಾಯಿಯ ಕೈ ಹಿಡಿದು ನನಗೆ ತೋರಿಸಿದಳು. ಐವತ್ತು ವರ್ಷ ನೂಲೆಳೆದ ಬೆರಳು, ಗೆರೆಗಳೆಲ್ಲ ಸವೆದು ನುಣ್ಣಗಾಗಿದ್ದವು. ಫೋನಿನ ಮಟ್ಟಿಗೆ ಚಾಚಿಗೆ ಬೆರಳೇ ಇರಲಿಲ್ಲ.

ಮಗಳು ನನ್ನನ್ನು ಆಚೆ ಕರೆದು ಸಣ್ಣ ದನಿಯಲ್ಲಿ ಹೇಳಿದಳು. "ನನಗ ಲಾಕಿನ ಚಿಂತಿ ಇಲ್ಲ್ರಿ. ಅಮ್ಮಿ ನೆನಪು ಹೋಗಾಕತ್ತೈತಿ ಅನಸ್ತೈತಿ. ನಿನ್ನೆ ಚಾದಾಗ ಎರಡ ಸಲ ಸಕ್ಕರಿ ಹಾಕಿದ್ಲು. ದಿನಾ ತೆಗಿಯೂ ಫೋನಿನ ಲಾಕ್ ಮರೀತಾರೇನ್ರಿ ಯಾರರ? ಶುಕ್ರವಾರ ಹುಬ್ಬಳ್ಳಿಗೆ ಡಾಕ್ಟರ ಕಡೆ ಕರಕೊಂಡು ಹೋಗಾಕಿ ನಾ." ಹೇಳುವಾಗ ಅವಳ ಕಣ್ಣು ತುಂಬಿದ್ದವು. ನನ್ನ ತಾಯಿ ಕಡೆಗಾಲಕ್ಕೆ ನನ್ನನ್ನೇ "ಯಾರಪ್ಪಾ ನೀ" ಎಂದು ಕೇಳಿದವಳು.

"ಶುಕ್ರವಾರದೊಳಗ ತೆಗಿಸಿಕೊಡ್ತೀನಿ ತಂಗಿ, ಏನೂ ಅಳಿಸದ" ಅಂದುಬಿಟ್ಟೆ.

ಅವರು ಹೋದ ಮೇಲೆ ನನ್ನ ಹೆಂಡತಿ, ಅಂಗಡಿಯ ಲೆಕ್ಕದಲ್ಲಿ ಅವಳೇ ಮಾಲಕಿ, ಕೇಳಿದಳು: "ಹೆಂಗ ತೆಗೀತೀರಿ?"

"ನನಗೂ ಗೊತ್ತಿಲ್ಲ" ಅಂದೆ. ಅವಳು ನಕ್ಕಳು. ಯಾಕೆ ನಕ್ಕಳೆಂದು ಆಗ ಕೇಳಬೇಕಿತ್ತು.

ಒಂದೇ ರಿಂಗಿಗೆ ಏಳಬೇಕು

ಮಂಗಳವಾರ ಬೆಳಿಗ್ಗೆ ಚಾಚಿಯ ಫೋನು ಮುಂದಿಟ್ಟುಕೊಂಡು ಯೋಚಿಸುತ್ತ ಕೂತಿದ್ದೆ. ಶಲವಡಿಯ ಒಬ್ಬ ಕಾಕಾ ಸಿಟ್ಟಿನ ಮುಖ ಹೊತ್ತು ಬಂದರು, ಹಿಂದೆ ಅವರ ಹೆಂಡತಿ, ಕಾಕು.

ಈ ಕಾಕಾನ ಹೊಲದ ಮೋಟಾರಿಗೆ ಸಿಮ್ ಹಾಕಿದ ಒಂದು ಡಬ್ಬಿ ಇದೆ. ಮನೆಯಲ್ಲೇ ಕೂತು ಆ ನಂಬರಿಗೆ ಒಂದು ರಿಂಗು ಕೊಟ್ಟು ಕಟ್ ಮಾಡಿದರೆ ಮೋಟಾರು ಚಾಲೂ, ಇನ್ನೊಂದು ರಿಂಗು ಕೊಟ್ಟರೆ ಬಂದ್. ಹೋದ ವಾರವಷ್ಟೇ ಬಂದು, "ನಂಬರ್ ಹುಡುಕೂದು ಆಗೂದಿಲ್ಲ, ಕನ್ನಡಕಾ ಇರೂದಿಲ್ಲ, ದೊಡ್ಡ ಚಿತ್ರ ಹಾಕಿಕೊಡು" ಅಂದಿದ್ದರು. ಹಾಕಿಕೊಟ್ಟಿದ್ದೆ. ತೆರೆಯ ಮೇಲೆ ಎರಡೇ ಚಿತ್ರ. ಎಡಕ್ಕೆ ಹಸಿರು ಬಣ್ಣದ ಮೋಟಾರಿನ ಡಬ್ಬಿ, ಬಲಕ್ಕೆ ಹಸಿರು ಇಳಕಲ್ ಸೀರೆಯ ಕಾಕು.

"ನಿನ್ನ ಸೆಟ್ಟಿಂಗ್‌ದಾಗ ಏನೋ ದೋಷ ಐತಲೇ" ಅಂದರು ಕಾಕಾ. "ನಿನ್ನೆ ಕಟ್ಟಿ ಮ್ಯಾಲೆ ಕುಂತು ರಿಂಗ್ ಕೊಟ್ಟೆ, ಎರಡ ತಾಸ ಬಿಟ್ಟು ಬಂದ್ ಮಾಡಿದೆ, ಮತ್ತ ಚಾಲೂ ಮಾಡಿದೆ. ಸಂಜಿಗೆ ಹೋಗಿ ನೋಡಿದ್ರ ಉಳ್ಳಾಗಡ್ಡಿ ಮಡಿ ಒಣಗಿ ಬಿರಕ್ ಬಿಟ್ಟೈತಿ."

ಕಾಕು ಹಿಂದಿನಿಂದ ಮುಂದೆ ಬಂದರು. ಅವರ ಮನೆಯಲ್ಲಿ ಮೊದಲಿನಿಂದಲೂ ಒಂದು ರೂಢಿ. ಕಾಕಾ ಒಂದು ರಿಂಗು ಕೊಟ್ಟು ಕಟ್ ಮಾಡಿದರೆ ಬುತ್ತಿ ತಗೊಂಡು ಹೊಲಕ್ಕೆ ಬಾ ಎಂದು ಅರ್ಥ. ನಿನ್ನೆ ಮೊದಲನೇ ರಿಂಗಿಗೆ ಕಾಕು ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗಿದ್ದಾರೆ. ಯಾರೂ ಇಲ್ಲ. ಮನೆಗೆ ಬಂದು ಬುತ್ತಿ ಇಳಿಸುವಷ್ಟರಲ್ಲಿ ಎರಡನೇ ರಿಂಗು. ಮತ್ತೆ ಹೋಗಿದ್ದಾರೆ. ಮೂರನೇ ರಿಂಗಿಗೆ ರೊಟ್ಟಿ ತಣ್ಣಗಾಗಿದ್ದವೆಂದು ಹೊಸದಾಗಿ ಬಡಿದುಕೊಂಡು ಹೋಗಿದ್ದಾರೆ.

ನಾನು ಕಾಕಾನಿಗೆ ಕನ್ನಡಕ ಹಾಕಿಸಿ ತೆರೆ ತೋರಿಸಿದೆ. ದಿನವಿಡೀ ಅವರು ಒತ್ತಿದ್ದು ಬಲಗಡೆಯ ಹಸಿರು. ಕಾಕಾ ತೆರೆಯನ್ನು ಕಣ್ಣಿನ ಹತ್ತಿರ ತಂದು, "ಎರಡೂ ಹಸರ ಅದಾವಲ್ಲೋ" ಅಂದರು.

ಕಾಕು ನನ್ನ ಕಡೆ ತಿರುಗಿದರು. "ತಮ್ಮಾ, ಇವರಿಗೆ ನಾನೂ ಒಂದ, ಆ ಮೋಟಾರೂ ಒಂದ. ಒಂದ ರಿಂಗಿಗೆ ಎದ್ದ ನಿಂದರಬೇಕು. ಮೋಟಾರಿಗರ ಕರೆಂಟ್ ಹೋದಾಗ ಸೂಟಿ ಸಿಗ್ತೈತಿ. ನನಗೂ ಅಂಥಾದ್ದೊಂದ ಸೆಟ್ಟಿಂಗ್ ಮಾಡಿಕೊಡು."

ಮಗ್ಗದ ಕೋಣೆ

ಕಾಕುವಿನ ಮಾತಿನಿಂದ ನನಗೊಂದು ವಿಚಾರ ಹೊಳೆಯಿತು. ಆಕೆಯ ಕಾಲು ರಿಂಗು ಕೇಳಿದ ಕೂಡಲೇ ಹೊಲಕ್ಕೆ ಹೋಗುತ್ತವೆ, ತಲೆಯನ್ನು ಕೇಳುವುದಿಲ್ಲ. ಹಾಗೆಯೇ ಚಾಚಿಯ ತಲೆ ಮರೆತಿದ್ದರೂ ಕೈ ಮರೆತಿರಲಿಕ್ಕಿಲ್ಲ. ದಿನಾ ಕೂಡುವ ಜಾಗದಲ್ಲಿ ಕೂಡಿಸಿ, ದಿನಾ ಹಿಡಿಯುವಂತೆ ಹಿಡಿಸಿದರೆ ಬೆರಳು ತಾನೇ ಗೆರೆ ಎಳೆದೀತು. ಬುಧವಾರ ಮಧ್ಯಾಹ್ನ ಫೋನು ತಗೊಂಡು ಅವರ ಮನೆಗೆ ಹೋದೆ.

"ಚಾಚಿ, ಮಗ್ಗದ ಮುಂದ ಕುಂತು ಒಮ್ಮೆ ತೆಗದು ನೋಡ್ರಿ" ಅಂದೆ.

"ಮಗ್ಗದ ಕೋಣಿಗೆ ನೀ ಬರೂಹಂಗಿಲ್ಲ ಬೇಟಾ" ಅಂದರು ಚಾಚಿ.

ಅದು ನನಗೂ ಗೊತ್ತಿದ್ದ ಮಾತೇ. ನಮ್ಮೂರ ಜಮಖಾನದ ಕೆಲಸ ಹೆಂಗಸರ ಕೈಯಲ್ಲಿದೆ, ಮಗ್ಗ ಮನೆಯ ಒಳಕೋಣೆಯಲ್ಲಿ. ಅತ್ತೆ ಸೊಸೆಗೆ ಕಲಿಸುತ್ತಾಳೆ, ಆ ಸೊಸೆ ಮುಂದೆ ತನ್ನ ಸೊಸೆಗೆ. ಮಗಳಿಗೆ ಕಲಿಸುವುದಿಲ್ಲ. ಮಗಳು ನಾಳೆ ಬೇರೆ ಮನೆಗೆ ಹೋಗುವವಳು, ಅವಳ ಜೋಡಿ ಮನೆತನದ ಚಿತ್ತಾರವೂ ಹೋಗಿಬಿಡುತ್ತದೆ ಎಂಬ ಹೆದರಿಕೆ. ಚಾಚಿಯ ಮನೆಯ ನವಿಲು ಬೇರೆ ಯಾರ ಜಮಖಾನದಲ್ಲೂ ಕಾಣುವುದಿಲ್ಲ.

"ಅಣ್ಣಾ ಹೊರಗ ಕುಂದರ್ಲಿ, ನಾ ನಿನ್ನ ಜೋಡಿ ಬರ್ತೀನಿ" ಅಂದಳು ಮಗಳು.

"ನೀನೂ ಬರೂಹಂಗಿಲ್ಲ. ನಾ ಒಬ್ಬಾಕಿನ ಹೋಗಿ ನೋಡಿ ಬರ್ತೀನಿ, ಕೊಡ್ರಿ ಫೋನ್."

"ಬ್ಯಾಡ ಅಮ್ಮಿ. ಒಬ್ಬಾಕಿ ಏನರ ಒತ್ತಿಬಿಟ್ಟು ಎಲ್ಲಾ ಅಳಿಸಿಕೊಂಡೀ" ಎಂದು ಮಗಳು ತಾಯಿಯ ಕೈ ಹಿಡಿದುಕೊಂಡಳು.

ಕೊನೆಗೆ ಪಡಸಾಲೆಯಲ್ಲೇ ಕೂತರು. ಚಾಚಿ ಮಗಳ ಮುಖ ನೋಡಿದರು, ನನ್ನ ಮುಖ ನೋಡಿದರು, ಒಂದು ಗೆರೆ ಎಳೆದರು. ತಪ್ಪು. ಇನ್ನೊಂದು ಎಳೆದರು. ತಪ್ಪು. ಐದು ಸಲ ತಪ್ಪಿದ ಮೇಲೆ ಫೋನು ಅರ್ಧ ನಿಮಿಷ ತಡೆಯಿರಿ ಅಂದಿತು. ಮಗಳು ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡಳು. ಸೊಸೆ ಒಳಬಾಗಿಲಲ್ಲಿ ಸೆರಗಿನ ತುದಿ ಬಾಯಲ್ಲಿ ಇಟ್ಟುಕೊಂಡು ನಿಂತಿದ್ದಳು, ಹೆಗಲು ಅಲುಗುತ್ತಿದ್ದವು. ಪಾಪ, ಅತ್ತೆಯ ಸ್ಥಿತಿ ನೋಡಿ ಅವಳಿಗೂ ದುಃಖ ತಡೆಯಲಾಗುತ್ತಿಲ್ಲ ಅಂದುಕೊಂಡೆ.

ಚಾಚಿ ಒಬ್ಬರೇ ಆರಾಮಾಗಿದ್ದರು. "ಫೋನ್‌ಗೂ ದಣಿವು ಆಗೈತಿ. ಚಾ ಕುಡದು ಹೋಗು ಬೇಟಾ" ಅಂದರು.

ಬಸ್ಸೆಲ್ಲ ಓದಿದ ಸುದ್ದಿ

ಚಾಚಿಯ ಮನೆಯಿಂದ ಅಂಗಡಿಗೆ ಬಂದಾಗ ಒಬ್ಬ ನಿವೃತ್ತ ಮಾಸ್ತರರು ಕಾಯುತ್ತಿದ್ದರು. ಅಣ್ಣಿಗೇರಿಯವರು. ದಿನಾ ಬಸ್ಸಿಗೆ ನವಲಗುಂದಕ್ಕೆ ಬಂದು ಸಂತೆ-ಪ್ಯಾಟಿ ಮಾಡಿಕೊಂಡು ಹೋಗುವುದು ಅವರ ನಿವೃತ್ತಿಯ ಕೆಲಸ. ಮರೆವು ಬಹಳ. ಎರಡು ತಿಂಗಳ ಹಿಂದೆ ಅವರ ಫೋನಿನ ಅಕ್ಷರ ನಾನೇ ದೊಡ್ಡದು ಮಾಡಿಕೊಟ್ಟಿದ್ದೆ. "ಇನ್ನೂ ದೊಡ್ಡದು, ಇನ್ನೂ ದೊಡ್ಡದು" ಎನ್ನುತ್ತ ಕೊನೆಯ ಮಟ್ಟಕ್ಕೆ ಮುಟ್ಟಿಸಿದ್ದರು. ಒಂದು ತೆರೆಗೆ ಎರಡೇ ಶಬ್ದ ಹಿಡಿಯುತ್ತಿದ್ದವು.

ಅದರಿಂದ ಆದದ್ದೇನೆಂದರೆ, ಮಾಸ್ತರರು ಬಸ್ಸಿನಲ್ಲಿ ಫೋನು ತೆಗೆದರೆ ಹಿಂದಿನ ನಾಲ್ಕು ಸೀಟಿನವರಿಗೆ ಓದಲು ಬರುತ್ತದೆ. ಮನೆಯಿಂದ ಹೆಂಡತಿ ಕಳಿಸುವ ಸಂದೇಶಗಳನ್ನು ಬಸ್ಸಿಗೆ ಬಸ್ಸೇ ಓದುತ್ತದೆ. ಹಿಂದಿನ ದಿನ ನವಲಗುಂದದಲ್ಲಿ ಇಳಿಯುವಾಗ ಕಂಡಕ್ಟರು, "ಸರ್, ಬದನಿಕಾಯಿ ಎಳೇವು ನೋಡಿ ತಗೋರಿ, ಹೋದ ಸಲ ಬಲತಿದ್ದು ಒಯ್ದು ಬೈಸ್ಕೊಂಡೀರಿ" ಎಂದು ಹೇಳಿ ಇಳಿಸಿದ್ದಾನೆ. ಹಿಂದೆ ಕೂತ ಒಬ್ಬ ಮುದುಕಿ, "ಕೊತ್ತಂಬರಿನೂ ಅಂದಾರ್ರಿ" ಎಂದು ಕಿಟಕಿಯಿಂದ ಕೂಗಿದ್ದಾಳೆ.

"ಅಯ್ಯೋ ಸರ್, ಮರ್ಯಾದಿ ಪ್ರಶ್ನೆ. ಕೊಡ್ರಿ, ಅಕ್ಷರ ಸಣ್ಣದು ಮಾಡ್ತೀನಿ" ಅಂದೆ.

ಮಾಸ್ತರರು ಫೋನನ್ನು ಎದೆಗೆ ಅವಚಿಕೊಂಡರು. "ಏ, ಮುಟ್ಟಬ್ಯಾಡಪಾ. ಮೊದಲ ನಾ ಒಬ್ಬಾಂವ ನೆನಪ ಇಟ್ಕೋಬೇಕಿತ್ತು, ದಿನಾ ಏನರ ಬಿಟ್ಟು ಹೋಗಿ ಬೈಸ್ಕೋತಿದ್ದೆ. ಈಗ ಐವತ್ತು ಮಂದಿ ನೆನಪ ಇಟ್ಕೋತಾರ. ನಾ ಬಂದಿದ್ದು ಬ್ಯಾರೆ ಕೆಲಸಕ್ಕ. ಹಿಂದಿನ ಸೀಟಿನವರು ಬೆಳಕ ಕಡಿಮಿ ಆತು ಅಂತಾರ. ಅದೊಂದ ಹೆಚ್ಚ ಮಾಡು."

ಹೊಳೆಯುವ ಕಿಸೆ

ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂಬ ಮಾತು ನನ್ನಂಥವರನ್ನು ನೋಡಿಯೇ ಹುಟ್ಟಿದ್ದು. ಬ್ಯಾಟರಿ ಉಳಿಸುವ ಬಗ್ಗೆ ಊರಿಗೆಲ್ಲ ಪಾಠ ಹೇಳುವ ನಾನು ನನ್ನ ಫೋನಿಗೆ ಒಂದು ಹೊಸ ಸೆಟ್ಟಿಂಗ್ ಮಾಡಿಕೊಂಡಿದ್ದೆ. ಎರಡು ಸಲ ಝಾಡಿಸಿದರೆ ಟಾರ್ಚ್ ಹತ್ತುತ್ತದೆ, ಮತ್ತೆ ಝಾಡಿಸಿದರೆ ಆರುತ್ತದೆ.

ಗುರುವಾರ ಕಲಘಟಗಿ ಹತ್ತಿರದ ದೇವಿಕೊಪ್ಪದಲ್ಲಿ ಬಸುರಿ ನಾದಿನಿಯ ಕುಬುಸದ ಊಟ. ಹೆಂಡತಿಯನ್ನು ಹಿಂದೆ ಕೂಡಿಸಿಕೊಂಡು ಬೈಕಿನಲ್ಲಿ ಹೊರಟೆ. ಬಿಳಿ ಅಂಗಿ, ಎದೆಯ ಕಿಸೆಯಲ್ಲಿ ಫೋನು. ದಾರಿಯಲ್ಲಿ ಕಂಡವರೆಲ್ಲ ನನ್ನನ್ನೇ ನೋಡುತ್ತಿದ್ದರು. ಅಂಗಿ ಹೊಸದು, ನೋಡುತ್ತಾರೆ ಅಂದುಕೊಂಡೆ.

ದಾರಿಯಲ್ಲಿ ನಾನು ಚಾಚಿಯ ವಿಷಯವನ್ನೇ ಹೇಳುತ್ತಿದ್ದೆ. ಹೆಂಡತಿ ಹಿಂದಿನಿಂದ ಅಂದಳು: "ಚಾಚಿನ್ನ ಒಬ್ಬಾಕಿನ್ನ ಕೂಡಿಸಿ, ಫೋನ್ ಕೈಯಾಗ ಕೊಟ್ಟು, ನೀವು ಆ ಕಡೆ ಮುಖಾ ಮಾಡಿ ನಿಂದರ್ರಿ ನೋಡೂಣು."

"ಇದು ಟೆಕ್ನಿಕಲ್ ಲೈನು. ನಿನಗೇನು ತಿಳೀತೈತಿ ಇದರಾಗ" ಅಂದೆ.

ಕಲಘಟಗಿಯಲ್ಲಿ ಚಹಾಕ್ಕೆ ನಿಂತಾಗ ಹೋಟೆಲಿನವನು ನನ್ನ ಎದೆ ನೋಡಿ, "ಹಗಲೊತ್ತಿನ್ಯಾಗ ಲೈಟ್ ಹಚ್ಚಿಕೊಂಡು ಹೊಂಟೀರಲ್ರಿ" ಅಂದ. ನೋಡಿದರೆ ಕಿಸೆ ಧಗಧಗ ಹೊಳೆಯುತ್ತಿತ್ತು. ದಾರಿಯ ಒಂದೊಂದು ತಗ್ಗಿಗೂ ಟಾರ್ಚ್ ಹತ್ತಿ, ಮುಂದಿನ ತಗ್ಗಿಗೆ ಆರಿ, ಅದರ ಮುಂದಿನದಕ್ಕೆ ಮತ್ತೆ ಹತ್ತುತ್ತ ಬಂದಿತ್ತು. ನಮ್ಮ ರಸ್ತೆಯಲ್ಲಿ ತಗ್ಗಿಗೇನು ಬರ. ಸೆಟ್ಟಿಂಗ್ ತೆಗೆಯೋಣವೆಂದರೆ ಆ ಹೊತ್ತಿಗೆ ಫೋನೇ ಬಂದ್ ಆಯಿತು.

ನಾದಿನಿಯವರು ಹೊಸ ಮನೆಗೆ ಹೋಗಿದ್ದರು, ಮನೆ ಎಲ್ಲಿ ಎಂಬುದು ನನ್ನ ಫೋನಿನಲ್ಲಿತ್ತು. ಹೆಂಡತಿಯ ಫೋನು ಚಾರ್ಜಿಗೆ ಹಾಕಿ ಅಂಗಡಿಯಲ್ಲೇ ಬಿಟ್ಟು ಬಂದಿದ್ದೆವು. ಊರಲ್ಲಿ ಮೂರು ಓಣಿ ತಿರುಗಿ, ಹೋಳಿಗೆಯ ವಾಸನೆ ಹಿಡಿದು ಮನೆ ಮುಟ್ಟಿದಾಗ ಪಂಕ್ತಿ ಎದ್ದಿತ್ತು. ಮೊದಲು ಚಾರ್ಜರ್ ಕೊಡು ಎಂದು ಷಡ್ಡಕನನ್ನು ಕೇಳಿದೆ. ಅವನು ಒಳಗಿನಿಂದ ಒಂದು ಚಾರ್ಜರ್ ತಂದು ನನ್ನ ಕೈಗಿಟ್ಟ.

"ನೋಡ್ರಿ, ಇದು ಹೋದ ವರ್ಷ ನೀವ ಕೊಟ್ಟಿದ್ದು" ಅಂದ. "ಕೈಲೆ ಒತ್ತಿ ಹಿಡಕೊಂಡು ನಿಂತ್ರ ಹತ್ತತೈತಿ. ಅದಕ್ಕ ನಮ್ಮ ಮನಿಯಾಗ ಯಾರೂ ಕೈ ಹಚ್ಚಂಗಿಲ್ಲ. ನೀವು ನಿಂದರ್ರಿ, ನಿಮ್ಮ ಊಟ ಇಲ್ಲೇ ತರತೀವಿ."

ಬಲಗೈಯಿಂದ ಚಾರ್ಜರ್ ಒತ್ತಿ ಹಿಡಿದಿದ್ದೆ. ಹೋಳಿಗೆಯನ್ನು ಹೆಂಡತಿ ತಿನ್ನಿಸಿದಳು. ಕುಬುಸಕ್ಕೆ ಬಂದ ಹೆಂಗಸರು ಬಸುರಿಯನ್ನು ಬಿಟ್ಟು ನನ್ನನ್ನು ನೋಡಲು ಬಂದರು.

ಎರಡು ಚಮಚ ಸಕ್ಕರೆ

ಶುಕ್ರವಾರ ಬೆಳಿಗ್ಗೆ ತಾಯಿ-ಮಗಳು ಹುಬ್ಬಳ್ಳಿಗೆ ಹೊರಟು ಅಂಗಡಿಗೆ ಬಂದರು. ನಾನು ತಲೆ ತಗ್ಗಿಸಿ, "ಆಗಲಿಲ್ಲ ತಂಗಿ" ಅಂದೆ. ಮಗಳು, "ಇರ್ಲಿ ಬಿಡ್ರಿ, ಡಾಕ್ಟರ್ ಏನಂತಾರ ನೋಡೂಣು" ಎಂದು ಹೇಳಿ, ಬಸ್ಸು ಎಷ್ಟಕ್ಕೆ ಎಂದು ಕೇಳಲು ನಿಲ್ದಾಣದೊಳಗೆ ಹೋದಳು. ಮುಖ ಸಪ್ಪಗಾಗಿತ್ತು.

ಅಂಗಡಿಯಲ್ಲಿ ನಾನು ಮತ್ತು ಚಾಚಿ. ಬೇರೇನೂ ತೋಚದೆ ಫೋನನ್ನು ಅವರ ಕೈಗಿಟ್ಟು, ಹಿಂದೆ ತಿರುಗಿ ಗೋಡೆಯ ಮೇಲಿನ ಕವರುಗಳನ್ನು ಸರಿಮಾಡತೊಡಗಿದೆ. ಬೆನ್ನ ಹಿಂದೆ ಟಕ್ ಎಂದಿತು. ತಿರುಗಿದರೆ ಫೋನು ತೆರೆದುಕೊಂಡಿದೆ, ಚಾಚಿ ಬಂದ ಸಂದೇಶಗಳನ್ನು ಒಂದೊಂದಾಗಿ ನೋಡುತ್ತಿದ್ದಾರೆ.

"ಚಾಚಿ, ನೆನಪಾತು?"

"ಮರ್ತದ್ದು ಯಾವಾಗ, ನೆನಪ ಆಗಾಕ?"

"ಮತ್ತ ನಾಕು ದಿವಸ..."

"ಲಾಕಿಗೆ ನಮ್ಮ ನವಿಲಿನ ಕುತ್ತಿಗಿ ಇಟ್ಟೀನಿ ಬೇಟಾ. ಮಗ್ಗದ ಮ್ಯಾಲೆ ಎಳಿ ಹೆಂಗ ಹೊಳ್ಳತಾವೋ ಹಂಗ ಬೆರಳ ಹೊಳ್ಳಸ್ಬೇಕು. ಸೊಸಿಗೆ ಹೇಳೀನಿ. ಮಗಳ ಮುಂದ ಹೆಂಗ ತೆಗೀಲಿ? ನಮ್ಮ ಅತ್ತಿ ನನ್ನ ಕೈಲೆ ಆಣಿ ಹಾಕಿಸ್ಯಾಳ."

"ಆಕಿ ಅಳಾಕತ್ತಾಳ್ರಿ. ನಿಮಗ ನೆನಪ ಹೋಗೈತಿ ಅಂತ ತಿಳದಾಳ. ಸಕ್ಕರಿ ಎರಡ ಸಲ ಹಾಕಿದ್ರಿ ಅಂತ."

"ಬೇಕಂತ ಹಾಕೀನಿ. ಆಕಿ ಬಂದಾಗಿಂದ ಒಂದ ಚಮಚಾ ಅಂತ ಕಾವಲ ಕುಂತಾಳ. ಮರ್ತು ಹಾಕಿದ್ರ ಬೈಯೂದಿಲ್ಲಲ್ಲ."

"ಹಂಗಾರ ಡಾಕ್ಟರ್ ಯಾಕ್ರಿ ಈಗ? ಹೇಳಿಬಿಡ್ರಿ ಆಕಿಗೆ."

ಚಾಚಿ ಫೋನು ಬಂದ್ ಮಾಡಿ ಚೀಲಕ್ಕೆ ಹಾಕಿಕೊಂಡರು. "ಹೋಗಿ ಬರ್ತೀನಿ. ಡಾಕ್ಟರ್ ಚಲೋ ಐತಿ ಅಂದ್ರ ಆಕಿ ಜೀವಕ್ಕ ಸಮಾಧಾನ. ನಾ ಹೇಳಿದ್ರ ನಂಬೂದಿಲ್ಲ. ಮತ್ತ ಮದವಿ ಆದಮ್ಯಾಲೆ ಆಕಿ ಜೋಡಿ ಬಸ್ಸಿನ್ಯಾಗ ಬಾಜೂಕ ಕುಂತು ಎಲ್ಲಿಗೂ ಹೋಗಿಲ್ಲ ನಾ." ಕೊನೆಯ ಮಾತು ಹೇಳುವಾಗ ಅವರ ದನಿ ಮೆತ್ತಗಾಯಿತು.

ಮಗಳು ಬಂದು, "ಬಸ್ ಬಂತು ಅಮ್ಮಿ, ಹೋಗೂಣು" ಅಂದಳು.

ಚಾಚಿ ಎದ್ದರು. "ಎಲ್ಲಿಗೆ?" ಅಂದರು. ಮಗಳು ಗಾಬರಿಯಿಂದ ನನ್ನ ಮುಖ ನೋಡಿದಳು. ಚಾಚಿ ಅವಳ ತೋಳು ಗಟ್ಟಿಯಾಗಿ ಹಿಡಿದುಕೊಂಡು, ಹಿಂದೆ ತಿರುಗಿ ನನಗೆ ಕಣ್ಣು ಹೊಡೆದರು.

ಡಾಕ್ಟರರ ಕಾಗದ

ರವಿವಾರ ಸಂಜೆ ಗದಗಿನಿಂದ ಮಗಳ ಫೋನು ಬಂತು. ದನಿ ಹಗುರಾಗಿತ್ತು.

"ಅಣ್ಣಾ, ಡಾಕ್ಟರ್ ಅಗದಿ ಬರೋಬ್ಬರಿ ಅದಾರ ಅಂದ್ರು. ಇವತ್ತ ಯಾವ ವಾರ, ಏನ್ ಊಟಾ ಮಾಡೀರಿ, ಎಲ್ಲಾ ಕೇಳಿದ್ರು. ಪಟಪಟ ಹೇಳಿದ್ಲು. ನೂರರಿಂದ ಏಳ ಏಳ ಕಳೀರಿ ಅಂದ್ರ ಡಾಕ್ಟರ್ ತಪ್ಪಿದ್ರು, ಅಮ್ಮಿ ತಪ್ಪಲಿಲ್ಲ. ದಿನಾ ಎಳಿ ಎಣಸಾಕಿ ಅಲ್ರೀ. ಆದ್ರ ಒಂದಕ್ಕ ಮಾತ್ರ ಹಟಾ ಹಿಡದ್ಲು. ಒಂದ ಕಾಗದದ ಮ್ಯಾಲೆ ಚುಕ್ಕಿ ಹಚ್ಚಿ ಕೊಟ್ಟು, ಗೆರಿ ಎಳದು ಜೋಡಸ್ರಿ ಅಂದ್ರು. ಪೆನ್ ಹಿಡೀವಲ್ಲಳು. ಮಗಳ್ನ ಹೊರಗ ಕಳಸ್ರಿ, ಆಮ್ಯಾಲೆ ಎಳೀತೀನಿ ಅಂದ್ಲು."

ನಾನು ಫೋನಿಗೆ ಕೈ ಅಡ್ಡ ಹಿಡಿದು ನಗು ನುಂಗಿದೆ.

"ಹೊರಗ ಬಾಕಿನ ಮ್ಯಾಲೆ ಕುಂತಾಗ ನನಗ ತಲಿಗೆ ಹೊಳೀತ್ರಿ. ಮಗಳ ಮುಂದ ಮಾತ್ರ ಎಳೀಬಾರದ ಗೆರಿ ಯಾವದಿರತೈತಿ ನಮ್ಮ ಮನ್ಯಾಗ? ಬರೂಮುಂದ ಬಸ್ಸಿನ್ಯಾಗ ಅಮ್ಮಿ ನನ್ನ ಹೆಗಲಮ್ಯಾಲೆ ತಲಿ ಇಟ್ಟು ಮಲಗಿದ್ಲು. ಚೀಲದಾಗಿಂದ ಫೋನ್ ತಗೊಂಡು ನವಿಲಿನ ಕುತ್ತಿಗಿ ಎಳದೆ. ಒಂದ ಸಲಕ್ಕ ತೆರೀತು."

"ನಿನಗ ಹೆಂಗ ಗೊತ್ತು ಕುತ್ತಿಗಿ? ಕೋಣಿ ಒಳಗ ಬಿಡ್ತಿದ್ದಿಲ್ಲಲ್ಲ" ಅಂದೆ.

"ಮದವಿ ಆಗೂತನಕ ಬಾಗಿಲ ಸಂದಿಯಾಗಿಂದ ನೋಡೇನ್ರಿ ಅಣ್ಣಾ. ಅಮ್ಮಿ ಸೊಸಿಗಿಂತ ಮೊದಲ ನಾನ ಕಲತೀನಿ." ಆಮೇಲೆ ದನಿ ಇಳಿಸಿದಳು. "ಒಳಗ ನನ್ನ ಫೋಟೋ ಹಾಕೊಂಡಾಳ್ರಿ, ತೆರಿ ತುಂಬ. ಸಣ್ಣಾಕಿ ಇದ್ದಾಗಿನದು. ಮತ್ತ ಲಾಕ್ ಹಾಕಿ ಚೀಲದಾಗ ಇಟ್ಟೆ. ಅಮ್ಮಿಗೆ ಹೇಳಬ್ಯಾಡ್ರಿ. ಗುಟ್ಟು ಉಳದೈತಿ ಅಂತ ಆಕಿ ಆರಾಮ ಇರ್ಲಿ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಚಾಚಿಯ ಗುಟ್ಟು ಮಗಳಿಗೆ ಹೇಳಬಾರದು, ಮಗಳ ಗುಟ್ಟು ಚಾಚಿಗೆ ಹೇಳಬಾರದು. ಹೊಟ್ಟೆಯಲ್ಲಿ ಎರಡು ಗುಟ್ಟು ಇಟ್ಟುಕೊಂಡು ಮಲಗಿದರೆ ಯಾವ ಮಗ್ಗುಲಿಗೆ ಹೊರಳುವುದೋ ತಿಳಿಯುವುದಿಲ್ಲ.

ಗುಟ್ಟು ನಿಲ್ಲದ ಬಾಯಿ

ಸೋಮವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವುದಕ್ಕೂ ಚಾಚಿ ಬರುವುದಕ್ಕೂ ಸರಿಹೋಯಿತು. ಸ್ಟೂಲಿನ ಮೇಲೆ ಕೂತು, ಆ ಕಡೆ ಈ ಕಡೆ ನೋಡಿ, ತಗ್ಗಿದ ದನಿಯಲ್ಲಿ ಹೇಳಿದರು.

"ಬೇಟಾ, ಒಂದ ಮಾತ. ಯಾರಿಗೂ ಹೇಳಬ್ಯಾಡ. ನನ್ನ ಮಗಳು ಬಸ್ಸಿನ್ಯಾಗ ಲಾಕ್ ತೆಗದ್ಲು."

ನಾನು ಏನೂ ಗೊತ್ತಿಲ್ಲದವನಂತೆ ಕೂತೆ. "ನಿಮಗ ಹೆಂಗ ಗೊತ್ತಾತ್ರಿ? ನೀವು ಮಲಗಿದ್ರಲ್ಲ" ಅಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಚಾಚಿ ನನ್ನನ್ನು ಒಂದು ಸಲ ದಿಟ್ಟಿಸಿ, ಮಾತು ಮುಂದುವರಿಸಿದರು. "ಕಣ್ಣ ಮುಚ್ಚಿದ್ದೆ. ನಿದ್ದಿ ಎಲ್ಲಿಂದ ಬರಬೇಕು, ಎಷ್ಟು ವರ್ಷದ ಮ್ಯಾಲೆ ಮಗಳ ಹೆಗಲ ಸಿಕ್ಕಿತ್ತು. ಅರ್ಧಾ ಕಣ್ಣ ತೆಗದು ನೋಡಿದೆ. ಅಗದಿ ಬರೋಬ್ಬರಿ ಎಳದ್ಲು ಬೇಟಾ. ನನ್ನ ಸೊಸಿ ಹನ್ನೆರಡ ವರ್ಷಾತು, ಇನ್ನೂ ಕುತ್ತಿಗಿ ಕಡೆ ತಡವರಸ್ತಾಳ." ಹೇಳುವಾಗ ಮುಖದಲ್ಲಿ ಸಿಟ್ಟಿರಲಿಲ್ಲ, 'ನನ್ನ ಮಗಳು' ಎಂಬ ಹಮ್ಮು ಇತ್ತು.

"ಹಂಗಾರ ಲಾಕ್ ಬದಲಾಸ್ಲೇನ್ರಿ?"

"ಬ್ಯಾಡ. ಇರ್ಲಿ ಹಂಗ. ನಾ ಕಲಿಸಿಲ್ಲ, ನನ್ನ ಆಣಿ ಮುರದಿಲ್ಲ. ಆಕಿ ತಾನ ಕಲತ್ರ ನಾ ಏನ್ ಮಾಡ್ಲಿ? ಆದ್ರ ನನಗ ಗೊತ್ತೈತಿ ಅಂತ ಆಕಿಗೆ ಹೇಳಬ್ಯಾಡ."

ಅವರು ಹೋದ ಮೇಲೆ ಹೆಂಡತಿ ಒಳಗಿನಿಂದ ಬಂದು, "ಚಾಚಿ ಯಾಕ ಬಂದಿದ್ರು?" ಅಂದಳು.

ಮೂರು ಗುಟ್ಟುಗಳ ಭಾರ ತಲೆಯ ಮೇಲಿತ್ತು. "ಫೋನಿಗೆ ಗ್ಲಾಸ್ ಹಾಕಸಾಕ" ಅಂದೆ.

"ನವಿಲಿನ ಲಾಕಿನ ಸಂಬಂಧ ಅಂದ್ಕೊಂಡಿದ್ದೆ" ಅಂದಳು.

ನಾನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟೆ. "ನಿನಗ ಯಾರ ಹೇಳಿದ್ರು?"

"ಚಾಚಿ ಸೊಸಿ. ಮೊದಲನೇ ದಿನಾ ಮುಂಜಾನೆನ, ನಳದ ಕಡೆ. ಬುಧವಾರ ನೀವು ಅವರ ಪಡಸಾಲ್ಯಾಗ ಕುಂತು ಪರೀಕ್ಷಾ ಮಾಡಿದಾಗ ನಗಿ ತಡ್ಕೊಳ್ಳಾಕಾಗದ ಸೆರಗ ಬಾಯಾಗ ತುರ್ಕೊಂಡಿದ್ಲಂತ. ಮುದುಕಿ ಹುಬ್ಬಳ್ಳಿ ನೋಡಿ ಬರ್ಲಿ ಬಿಡ್ರಿ, ಮಗಳ ಜೋಡಿ ಹೋಗಬೇಕಂತ ಬಾಳ ದಿವಸದಿಂದ ಆಸೆ ಐತಿ ಅಂತ ಆಕಿನ ಹೇಳಿದ್ಲು."

"ಒಂದ ವಾರ ನಾ ತಲಿ ಕೆಡಿಸ್ಕೊಂಡು ಕುಂತಿದ್ದೆ. ನನಗ ಯಾಕ ಹೇಳಲಿಲ್ಲ?"

"ಬೈಕ್ ಮ್ಯಾಲೆ ಹೇಳಿದ್ನಲ್ಲ, ನೀವ ಟೆಕ್ನಿಕಲ್ ಅಂದ್ರಿ" ಅಂದಳು. "ಪೂರಾ ಹೇಳೋಣು ಅಂದ್ರ, ಆಕಿ ನಿಮಗ ಮಾತ್ರ ಹೇಳಬ್ಯಾಡ ಅಂದಿದ್ಲ್ರಿ. ಈ ಗಂಡಸರ ಬಾಯಾಗ ಗುಟ್ಟು ನಿಲ್ಲಂಗಿಲ್ಲ ಅಂತ."

ನನಗೆ ಬಹಳ ಸಿಟ್ಟು ಬಂತು. ಅದು ಶುದ್ಧ ಸುಳ್ಳೆಂದು ಎಲ್ಲರಿಗೂ ತಿಳಿಸಿಯೇಬಿಡಬೇಕೆಂದು ಕೂತು, ಇದನ್ನೆಲ್ಲ ಬರೆದಿದ್ದೇನೆ.